ಮಳೆ ಬಂದರೆ ಕೇಡಲ್ಲ



ಮಿರಗದ ಮೋಡಗಳು ಸಮುದ್ರದ ಕಡೆಯಿಂದ ಎದ್ದು, ನಮ್ಮ ಸಾವರ್ಡೆಯನ್ನು ಹಾಯ್ದು, ಘಟ್ಟದತ್ತ ಹೋಗುವ ಕಾಲ ಇದು. ಘಟ್ಟದ ಆಚೆ ಬಾಗಲಕೋಟೆ, ಗದಗ, ವಿಜಯಪುರ, ಕೊಪ್ಪಳದ ಕಡೆ ನಮ್ಮ ತಂದೆತಾಯಿಗಳು ಕಣ್ಣಿಗೆ ಕೈ ಅಡ್ಡ ಹಿಡಿದು ಇದೇ ಮೋಡಗಳ ದಾರಿ ಕಾಯುತ್ತಿರುತ್ತಾರೆ. ಅಲ್ಲಿ ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ. ಇಲ್ಲಿ ಗೋವೆಯಲ್ಲಿ ಜೂನ್‌ನಿಂದ ಸಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುಮಾರು 3000 ಮಿ.ಮೀ. ಅಲ್ಲಿ ಮಳೆ ಬರಲಿಲ್ಲವೆಂದು ಊರು ಬಿಟ್ಟು ಬಂದ ನಾವು ಇಲ್ಲಿ ಮಳೆ ಬಂತೆಂದು ಕೂಲಿ ಕಳೆದುಕೊಳ್ಳುತ್ತೇವೆ. ನಮ್ಮ ಬಾಳಿನ ವಿಚಿತ್ರ ಇದು.

ಮೊನ್ನೆ ನಮ್ಮ ಕನ್ನಡ ಪ್ರಾರ್ಥನಾಕೂಟದಲ್ಲಿ ನಾವು ಈ ವಿಷಯವನ್ನೇ ತೆಗೆದುಕೊಂಡು ಮಾತನಾಡಿದೆವು. ಮಳೆಯೂ ಬಾಳಿನ ಬಿರುಗಾಳಿಯೂ ದೇವರ ಆಶೀರ್ವಾದವೆಂದು ತಿಳಿಯಬೇಕು, ಗೊಣಗಬಾರದು ಎಂದು ಹೇಳಿದೆವು. ಮಾತು ಚೆನ್ನಾಗಿಯೇ ಬಂತೆಂದು ನಮಗೆ ಅನಿಸಿತ್ತು. ಕೂಟ ಮುಗಿದ ಮೇಲೆ, ಗೌಂಡಿಗಳ ಕೈಕೆಳಗೆ ಬುಟ್ಟಿ ಹೊರುವ ಒಬ್ಬ ತಾಯಿ ಬಾಗಿಲ ಬಳಿ ನಿಂತು ಕೇಳಿದಳು: "ಮಾಸ್ತರ್ರ, ನೀವು ಹೇಳೂದು ಖರೇ ಇರಬೇಕ್ರಿ. ಆದ್ರ ಮೂರು ದಿನ ಆತು, ನಾಕಾಕ ಹೋಗಿ ಹೊಳ್ಳಿ ಬರಾಕತ್ತೀವಿ. ಕಿರಾಣಿ ಅಂಗಡ್ಯಾಗ ಉದ್ರಿ ಕೊಡವಲ್ರು. ಈ ಆಶೀರ್ವಾದ ನಾ ಒಲಿ ಮ್ಯಾಲೆ ಹೆಂಗ ಇಡ್ಲಿ?"

ಅವಳ ಮಾತಿನಲ್ಲಿ ಕುಹಕವಿರಲಿಲ್ಲ, ದೇವದೂಷಣೆಯೂ ಇರಲಿಲ್ಲ. ಅವಳು ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದಳು. ಆಗ ನಮ್ಮಲ್ಲಿ ಉತ್ತರವಿರಲಿಲ್ಲ. ಒಂದು ವಾರ ಯೋಚಿಸಿ, ನಮಗೆ ತೋಚಿದ್ದನ್ನು ಈ ಪತ್ರಿಕೆಯ ಮೂಲಕ ಅವಳ ಮುಂದೆಯೂ ನಿಮ್ಮೆಲ್ಲರ ಮುಂದೆಯೂ ಇಡುತ್ತಿದ್ದೇವೆ.

ಮಳೆ ಆಶೀರ್ವಾದವೇ

ಮೊದಲನೆಯದಾಗಿ, ಮಳೆ ಆಶೀರ್ವಾದ ಎಂದ ಮಾತನ್ನು ನಾವು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. "ಮಳೆ ಬಂದರೆ ಕೇಡಲ್ಲ, ಮಗ ಉಂಡರೆ ಕೇಡಲ್ಲ" ಎಂದು ನಮ್ಮ ಹಿರಿಯರು ಗಾದೆ ಕಟ್ಟಿದ್ದು ಸುಮ್ಮನೆ ಅಲ್ಲ. ಗುರ್ಜಿ ಹೊತ್ತು ಮನೆಮನೆಗೆ ತಿರುಗಿ, ತಲೆಯ ಮೇಲೆ ನೀರು ಹೊಯ್ಯಿಸಿಕೊಂಡು ಮಳೆ ಬೇಡುವ ಮಕ್ಕಳನ್ನು ನಮ್ಮೂರುಗಳಲ್ಲಿ ಕಂಡವರಾರೂ ಮಳೆಯನ್ನು ಶಾಪವೆಂದು ಕರೆಯಲಾರರು.

ಇಲ್ಲಿಯ ಕೊಂಕಣಿ ಕ್ರೈಸ್ತರನ್ನು ನೋಡಿರಿ. ಜೂನ್ 24ರಂದು ಸ್ನಾನಿಕ ಸಂತ ಯೊವಾನ್ನರ ಹಬ್ಬಕ್ಕೆ ತಲೆಗೆ ಹೂಬಳ್ಳಿ ಸುತ್ತಿಕೊಂಡು ತುಂಬಿದ ಬಾವಿಗಳಿಗೆ ಹಾರಿ ಸಂತೋಷಪಡುತ್ತಾರೆ. ಐದು ದಿನಗಳ ಮೇಲೆ, ಜೂನ್ 29ರಂದು, ಸಂತ ಪೇತ್ರ ಪೌಲರ ಹಬ್ಬದಲ್ಲಿ ಮೀನುಗಾರರು ಎರಡು ದೋಣಿಗಳನ್ನು ಜೋಡಿಸಿ ಕಟ್ಟಿ ನದಿಯ ಮೇಲೆ ಹಾಡುತ್ತ ಹೋಗುತ್ತಾರೆ. ಆಗಸ್ಟ್ ತಿಂಗಳಲ್ಲಿ ಹೊಸ ಭತ್ತದ ತೆನೆಗಳನ್ನು ದೇವಾಲಯದಲ್ಲಿ ಹರಸಿಕೊಂಡು ಮನೆಗೆ ಒಯ್ಯುತ್ತಾರೆ. ಸಾಂಗೆ ತಾಲೂಕಿನ ಸಾಳಾವಲಿ ಅಣೆಕಟ್ಟು ಈ ಮಳೆಯಿಂದಲೇ ತುಂಬಿ ದಕ್ಷಿಣ ಗೋವೆಯ ಮನೆಗಳಿಗೆ ಕುಡಿಯುವ ನೀರು ಕೊಡುತ್ತದೆ. ಆ ನೀರಿಗಾಗಿ ಕುರ್ಡಿ ಎಂಬ ಊರಿನ ಜನ ತಮ್ಮ ಮನೆ ಹೊಲಗಳನ್ನು ಬಿಟ್ಟುಕೊಟ್ಟು ಎದ್ದು ಹೋದರು. ಬೇಸಿಗೆಯ ಕೊನೆಗೆ ನೀರಿಳಿದಾಗ ಅವರು ಇಂದಿಗೂ ಬಂದು ಹಳೆಯ ಊರಿನ ನೆಲ ನೋಡಿಹೋಗುತ್ತಾರೆ. ಒಬ್ಬರ ಪಾಲಿನ ಆಶೀರ್ವಾದಕ್ಕೆ ಇನ್ನೊಬ್ಬರು ಬೆಲೆ ತೆರುವುದುಂಟು ಎಂಬುದನ್ನು ನಲ್ಲಿ ತಿರುಗಿಸುವಾಗ ನಾವು ನೆನೆಯಬೇಕು.

ಪರಲೋಕದ ತಂದೆ ನೀತಿವಂತರ ಮೇಲೂ ಅನೀತಿವಂತರ ಮೇಲೂ ಮಳೆ ಸುರಿಸುತ್ತಾರೆಂದು ಯೇಸುಸ್ವಾಮಿ ಬೆಟ್ಟದ ಮೇಲಿನ ಪ್ರಬೋಧನೆಯಲ್ಲಿ ಕಲಿಸಿದರು. ದೇವರ ಮಳೆಗೆ ಭೇದವಿಲ್ಲ. ಮಾಲೀಕನ ಹಂಚಿನ ಮನೆಯ ಮೇಲೂ ನಮ್ಮ ತಾಡಪಾಲಿನ ಮೇಲೂ ಅದು ಒಂದೇ ಸಮನೆ ಬೀಳುತ್ತದೆ. ಭೇದವಿರುವುದು ಮಾಡಿನಲ್ಲಿ. ಆ ಮಾಡನ್ನು ಮಾಡಿದವರು ಮನುಷ್ಯರು.

ಯಾರ ಲೆಕ್ಕ ಯಾರ ಹೆಸರಿಗೆ?

ಎರಡನೆಯ ಮಾತು ಇಲ್ಲಿಂದ ಹುಟ್ಟುತ್ತದೆ. ನಾವು ಬಾಳಿನ ಬಿರುಗಾಳಿ ಎಂದು ಕರೆಯುವುದರಲ್ಲಿ ಎಷ್ಟು ಆಕಾಶದಿಂದ ಬಂದದ್ದು, ಎಷ್ಟು ಮನುಷ್ಯರ ಕೈಯಿಂದ ಬಂದದ್ದು ಎಂದು ಬೇರೆ ಮಾಡಿ ನೋಡುವುದು ನಂಬಿಕೆಗೆ ವಿರುದ್ಧವಲ್ಲ. ಹಾಗೆ ನೋಡದೆ ಇದ್ದರೆ ಮನುಷ್ಯರ ಸಾಲವನ್ನೆಲ್ಲ ದೇವರ ಹೆಸರಿಗೆ ಬರೆದಂತಾಗುತ್ತದೆ.

2014ರ ಜನವರಿ 4ರಂದು ಕಾಣಕೋಣದ ಚಾವಡಿಯಲ್ಲಿ ಕಟ್ಟುತ್ತಿದ್ದ ಐದಂತಸ್ತಿನ ಕಟ್ಟಡವೊಂದು ಕುಸಿದು 31 ಜನ ಸತ್ತರು. ಸತ್ತವರಲ್ಲಿ ಬಹುಪಾಲು ಹೊರ ರಾಜ್ಯಗಳಿಂದ ಹೊಟ್ಟೆಪಾಡಿಗೆ ಬಂದ ಕೂಲಿಗಳು. ಅದು ಜನವರಿ, ಮಳೆಗಾಲವಲ್ಲ. ಅದನ್ನು ಯಾವ ಬಿರುಗಾಳಿಯ ಲೆಕ್ಕಕ್ಕೆ ಬರೆಯೋಣ? 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಜಾರಿ, ಚಹದಂಗಡಿಯ ಕುಟುಂಬವೂ ದಾರಿಹೋಕರೂ ಮಣ್ಣಿನಡಿ ಸಿಕ್ಕರು. ಲಾರಿಗಳು ಗಂಗಾವಳಿ ನದಿಗೆ ಬಿದ್ದವು. ಅಂದು ಮಳೆ ಬಲವಾಗಿತ್ತು, ನಿಜ. ಆದರೆ ರಸ್ತೆ ಅಗಲ ಮಾಡಲು ಗುಡ್ಡದ ಬುಡ ಕಡಿದದ್ದು ಮಳೆಯಲ್ಲ.

ನಮ್ಮ ಸಾವರ್ಡೆಯ ದೊಡ್ಡ ಬಿರುಗಾಳಿಯೂ ಮೋಡದಿಂದ ಬಂದದ್ದಲ್ಲ. ಗಣಿಯ ಅದಿರು ಹೊತ್ತ ಟ್ರಕ್ಕುಗಳು ನಮ್ಮ ರಸ್ತೆಗಳಲ್ಲಿ ಸಾಲುಗಟ್ಟಿ ಓಡಿ, ನದಿಯ ದಡದಲ್ಲಿ ಬಾರ್ಜುಗಳಿಗೆ ಅದಿರು ತುಂಬಿ, ಅದು ಜುವಾರಿ ನದಿಯ ಮೇಲಿಂದ ಮಾರ್ಮಗೋವಾ ಬಂದರಿಗೆ ಹೋಗುತ್ತಿದ್ದ ದಿನಗಳನ್ನು ನೀವೆಲ್ಲ ಕಂಡಿದ್ದೀರಿ. ಕಾಯದೆ ಮೀರಿ ಅಗೆದ ಗಣಿಗಳ ಮೇಲೆ ತನಿಖೆ ನಡೆದು 2012ರಲ್ಲಿ ಕೆಲಸ ನಿಂತಿತು. 2014ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಮಿತಿ ಹಾಕಿ ಒಪ್ಪಿಗೆ ಕೊಟ್ಟ ಮೇಲೆ ಮತ್ತೆ ಆರಂಭವಾಯಿತು. 2018ರ ಫೆಬ್ರವರಿಯಲ್ಲಿ ಅದೇ ಕೋರ್ಟು 88 ಗುತ್ತಿಗೆಗಳ ನವೀಕರಣವನ್ನು ರದ್ದು ಮಾಡಿದಾಗ ಮಾರ್ಚ್ ಮಧ್ಯದಿಂದ ಮತ್ತೆ ನಿಂತಿತು. ಚಾಲಕ, ಕ್ಲೀನರ್, ಗ್ಯಾರೇಜಿನ ಹುಡುಗ, ಖಾನಾವಳಿಯ ಹೆಂಗಸು ಎಲ್ಲರ ಒಲೆಯೂ ಒಮ್ಮೆಲೇ ಆರಿತು. ಗುಡ್ಡ ಅಗೆದ ತಪ್ಪು ಈ ಬಡವರದಲ್ಲ. ಕಾಯದೆ ಮುರಿದು ಗಳಿಸಿದ ಹಣವೂ ಅವರ ಕೈಗೆ ಬರಲಿಲ್ಲ. ಆದರೆ ನಷ್ಟದಲ್ಲಿ ಮಾತ್ರ ಅವರಿಗೆ ಮೊದಲ ಪಾಲು ಸಿಕ್ಕಿತು. ಇದನ್ನು ದೇವರು ಕೊಟ್ಟ ಪರೀಕ್ಷೆ ಎಂದು ಸುಲಭವಾಗಿ ಹೇಳಿಬಿಡುವುದು ದೇವರಿಗೆ ಮಾಡುವ ಅಪಚಾರವೆಂದೇ ನಮ್ಮ ಅಭಿಪ್ರಾಯ.

ಸಂತ ಪೌಲರ ಹಡಗು

ಹಾಗಾದರೆ ಬಿರುಗಾಳಿಯಲ್ಲಿ ಆಶೀರ್ವಾದ ಎಲ್ಲಿದೆ? ಪ್ರೇಷಿತರ ಕಾರ್ಯಕಲಾಪಗಳ ಇಪ್ಪತ್ತೇಳನೆಯ ಅಧ್ಯಾಯವನ್ನು ದಯವಿಟ್ಟು ಮನೆಯಲ್ಲಿ ತೆಗೆದು ಓದಿರಿ. ಅಲ್ಲಿ ಸಂತ ಪೌಲರು ಕೈದಿಯಾಗಿ ರೋಮಿಗೆ ಹೋಗುತ್ತಿದ್ದಾರೆ. ಕಾಲ ಕೆಟ್ಟಿದೆ, ಈಗ ಹೊರಟರೆ ಹಡಗಿಗೂ ಪ್ರಾಣಕ್ಕೂ ಅಪಾಯವಿದೆ ಎಂದು ಅವರು ಮೊದಲೇ ಎಚ್ಚರಿಸುತ್ತಾರೆ. ಆದರೆ ಸೇನಾಧಿಕಾರಿ ಕೈದಿಯ ಮಾತಿಗಿಂತ ಹಡಗು ನಡೆಸುವವನ ಮತ್ತು ಹಡಗಿನ ಯಜಮಾನನ ಮಾತನ್ನೇ ನಂಬುತ್ತಾನೆ. ಗಾಳಿ ದೇವರದಿರಬಹುದು, ಆ ಗಾಳಿಯಲ್ಲಿ ಹಡಗು ಬಿಟ್ಟ ನಿರ್ಧಾರ ಯಜಮಾನರದು. ನಮ್ಮ ಕೆಲಸದ ಜಾಗಗಳಲ್ಲಿಯೂ ಹೀಗೆಯೇ ನಡೆಯುತ್ತದೆ. ಅಟ್ಟಣಿಗೆ ಅಲುಗಾಡುತ್ತಿದೆ, ಮಣ್ಣಿನ ಗೋಡೆ ಬಿರಿದಿದೆ ಎಂದು ಕೂಲಿಯವ ಹೇಳಿದರೆ ಯಾರು ಕೇಳುತ್ತಾರೆ?

ಬಿರುಗಾಳಿ ಹದಿನಾಲ್ಕು ರಾತ್ರಿ ಬಡಿಯುತ್ತದೆ. ನಾವಿಕರು ಚಿಕ್ಕ ದೋಣಿಯನ್ನು ಗುಟ್ಟಾಗಿ ಇಳಿಸಿ ತಾವಷ್ಟೇ ಪಾರಾಗಲು ನೋಡುತ್ತಾರೆ. ಇವರು ಹಡಗಿನಲ್ಲಿ ಉಳಿಯದಿದ್ದರೆ ಯಾರೂ ಉಳಿಯಲಾರರೆಂದು ಪೌಲರು ತಡೆಯುತ್ತಾರೆ. ಬಳಿಕ ರೊಟ್ಟಿ ತೆಗೆದುಕೊಂಡು, ಎಲ್ಲರೆದುರು ದೇವರನ್ನು ವಂದಿಸಿ, ತಾವೂ ತಿಂದು ಇತರರಿಗೂ ತಿನ್ನುವ ಧೈರ್ಯ ಕೊಡುತ್ತಾರೆ. ಹಡಗು ಒಡೆಯುತ್ತದೆ; 276 ಜನರಲ್ಲಿ ಒಬ್ಬರೂ ಸಾಯುವುದಿಲ್ಲ. ಮಾಲ್ಟಾ ದ್ವೀಪದ ಜನ, ಭಾಷೆ ಬೇರೆ, ದೇವರು ಬೇರೆ ಆದರೂ, ಮಳೆಗೂ ಚಳಿಗೂ ನಡುಗುತ್ತಿದ್ದ ಇವರಿಗಾಗಿ ಬೆಂಕಿ ಹಚ್ಚುತ್ತಾರೆ. ಗುಡಾರ ಹೊಲಿಯುವ ಕಸುಬಿನ ಪೌಲರು ಸುಮ್ಮನೆ ಕೂರದೆ ತಾವೂ ಕಟ್ಟಿಗೆ ಆಯ್ದು ತಂದು ಆ ಬೆಂಕಿಗೆ ಹಾಕುತ್ತಾರೆ.

ಆಶೀರ್ವಾದ ಇಲ್ಲಿದೆ. ಮೊದಲೇ ಎಚ್ಚರಿಸಿದ ಬಾಯಿ, ಯಾರನ್ನೂ ಬಿಟ್ಟು ಓಡದ ಜನ, ಹಂಚಿ ತಿಂದ ರೊಟ್ಟಿ, ಪರಕೀಯರು ಹಚ್ಚಿದ ಬೆಂಕಿ. ಬಿರುಗಾಳಿಯ ನಡುವೆ ದೇವರು ಈ ರೂಪಗಳಲ್ಲಿ ಬಂದರು.

ನಮ್ಮದೇ ತಪ್ಪು

ಈ ಪಾಠವನ್ನು ನಾವು ಪುಸ್ತಕದಿಂದ ಮಾತ್ರ ಕಲಿಯಲಿಲ್ಲ; ತಪ್ಪು ಮಾಡಿ ಕಲಿತೆವು. ಕೆಲವು ವರ್ಷಗಳ ಹಿಂದೆ, ಮಳೆಗಾಲ ಆರಂಭವಾಗುವ ಹೊತ್ತಿಗೆ, ಒಬ್ಬ ಗುತ್ತೇದಾರ ನಮ್ಮವರು ಹದಿನಾಲ್ಕು ಜನರ ಆರು ವಾರದ ಪಗಾರ ಉಳಿಸಿಕೊಂಡ. ಮಳೆ ನಿಲ್ಲಲಿ, ಕೆಲಸ ಹತ್ತಿದ ಕೂಡಲೇ ಕೊಡುತ್ತೇನೆ ಎಂದ. ಅವರು ಬಂದು ಏನು ಮಾಡೋಣವೆಂದು ಕೇಳಿದಾಗ, ತಾಳ್ಮೆಯಿಂದಿರಿ, ಜಪಸರ ಮಾಡಿರಿ, ದೇವರು ದಾರಿ ತೋರುತ್ತಾರೆ ಎಂದು ನಾವು ಹೇಳಿ ಕಳಿಸಿದೆವು. ಆಗಸ್ಟ್ ಬರುವಷ್ಟರಲ್ಲಿ ಗುತ್ತೇದಾರನ ಫೋನೂ ಇಲ್ಲ, ಅವನೂ ಇಲ್ಲ.

ಆ ಮೇಲೆ ಎಚ್ಚೆತ್ತು ಯೂನಿಯನ್ನಿನ ಗೆಳೆಯರೊಂದಿಗೆ ಅರ್ಜಿ ಬರೆಯಲು ಕುಳಿತೆವು. ಕೆಲಸ ಮಾಡಿದ ದಿನಗಳ ಪುರಾವೆ ಏನಿದೆ ಎಂಬ ಪ್ರಶ್ನೆ ಬಂತು. ಹಾಜರಿ ಪುಸ್ತಕ ಮುಕಾದಮನ ಬಳಿ, ಮುಕಾದಮ ಗುತ್ತೇದಾರನ ಬಳಿ. ಕಡೆಗೆ ಐದನೆಯ ಇಯತ್ತೆಯ ಹುಡುಗನೊಬ್ಬ ತನ್ನ ಶಾಲೆಯ ನೋಟುಬುಕ್ಕಿನ ಹಿಂದಿನ ಹಾಳೆಯಲ್ಲಿ ತಾಯಿ ಕೆಲಸಕ್ಕೆ ಹೋದ ದಿನಗಳನ್ನು ಗೀರು ಹಾಕಿ ಬರೆದಿಟ್ಟದ್ದು ಸಿಕ್ಕಿತು. ಆ ಒಂದು ಹಾಳೆ ಹಿಡಿದು ಓಡಾಡಿದ ಫಲವಾಗಿ ಕ್ರಿಸ್ತ ಜಯಂತಿಯ ಹೊತ್ತಿಗೆ ಅರ್ಧ ಪಗಾರ ಬಂತು. ಉಳಿದರ್ಧ ಇಂದಿಗೂ ಬಂದಿಲ್ಲ. ಜೂನ್‌ನಲ್ಲಿಯೇ ಹೊರಟಿದ್ದರೆ ಪೂರ್ತಿ ಬರುತ್ತಿತ್ತೋ ಏನೋ. ಕೂಲಿಯವನ ಕೂಲಿಯನ್ನು ಹೊತ್ತು ಮುಳುಗುವುದರೊಳಗೆ ಕೊಡಬೇಕೆಂದು ಮೋಶೆಯ ಧರ್ಮಶಾಸ್ತ್ರ ಹೇಳುತ್ತದೆ, ತಡೆಹಿಡಿದ ಕೂಲಿ ದೇವರಿಗೆ ಮೊರೆಯಿಡುತ್ತದೆಂದು ಸಂತ ಯಕೋಬರು ಬರೆಯುತ್ತಾರೆ. ಉಪದೇಶಿಗಳಾದ ನಾವು ಆ ದಿನ ಅವನ್ನು ನೆನೆಯಲಿಲ್ಲ. ತಾಳ್ಮೆಯನ್ನು ಮಾತ್ರ ಬೋಧಿಸಿದೆವು. ಆ ಹದಿನಾಲ್ಕು ಜನರ ಕ್ಷಮೆಯನ್ನು ಇಲ್ಲಿ ಬೇಡುತ್ತೇವೆ.

ಅದೇ ಮಳೆಗಾಲದಲ್ಲಿ ಇನ್ನೊಂದನ್ನೂ ಕಂಡೆವು. ಒಂದು ರಾತ್ರಿ ಅವರ ತಗಡಿನ ಶೆಡ್ಡಿಗೆ ನೀರು ನುಗ್ಗಿತು. ಎದುರುಮನೆಯ ಕೊಂಕಣಿ ಅಜ್ಜಿ, ನಮ್ಮ ಮಾತಿನ ಒಂದಕ್ಷರವೂ ಅರಿಯದವಳು, ತನ್ನ ಮನೆಯ ಬಲ್ಕಾಂವ್ ತೆರೆದು ಮಕ್ಕಳನ್ನು ಒಳಗೆ ಕರೆದಳು. ಬೆಳಿಗ್ಗೆ ಎಲ್ಲರಿಗೂ ಬಿಸಿ ಪೇಜ್, ಅಂದರೆ ನಮ್ಮ ಗಂಜಿ, ಮಾವಿನ ಉಪ್ಪಿನಕಾಯಿಯೊಡನೆ ಬಡಿಸಿದಳು. ಹೊರಗಿನವರೆಂದು ನಮ್ಮನ್ನು ಬೈಯುವ ಮಾತುಗಳನ್ನು ಈ ನಾಡಿನಲ್ಲಿ ನಾವು ಕೇಳಿದ್ದೇವೆ. ಮಾಲ್ಟಾದ ಬೆಂಕಿಯನ್ನೂ ಇದೇ ನಾಡಿನಲ್ಲಿ ಕಂಡಿದ್ದೇವೆ.

ಎರಡು ಆಕ್ಷೇಪಣೆಗಳು

ಇದನ್ನು ಓದಿ ಕೆಲವರು, ದೇವರ ಮನೆಯಲ್ಲಿ ಯೂನಿಯನ್ನಿನ ಮಾತೇಕೆ ಎನ್ನಬಹುದು. 1891ರಲ್ಲಿಯೇ ಪೋಪ್ ಹದಿಮೂರನೆಯ ಲಿಯೋ ಅವರು ದುಡಿಯುವವರ ನ್ಯಾಯವಾದ ಕೂಲಿಯನ್ನೂ ಸಂಘ ಕಟ್ಟುವ ಹಕ್ಕನ್ನೂ ಎತ್ತಿ ಹಿಡಿದು ವಿಶ್ವಪತ್ರ ಬರೆದರು. 2025ರಲ್ಲಿ ಆಯ್ಕೆಯಾದ ಪೋಪ್ ಹದಿನಾಲ್ಕನೆಯ ಲಿಯೋ ಅವರು ಆ ಹೆಸರನ್ನು ಆರಿಸಿಕೊಳ್ಳಲು ಆ ಪತ್ರವೂ ಒಂದು ಕಾರಣವೆಂದು ತಾವೇ ಹೇಳಿದ್ದಾರೆ. ಆದ್ದರಿಂದ ಇದು ನಾವು ಹೊರಗಿನಿಂದ ತಂದ ಮಾತಲ್ಲ.

ಯೂನಿಯನ್ನಿನ ಕೆಲವು ಗೆಳೆಯರು ಇದಕ್ಕೆ ವಿರುದ್ಧವಾಗಿ, ಪ್ರಾರ್ಥನೆ ಕೂಲಿಗಳನ್ನು ಮೆತ್ತಗೆ ಮಾಡುತ್ತದೆ ಎನ್ನುತ್ತಾರೆ. ನಮ್ಮ ಮೇಲೆ ಹೇಳಿದ ತಪ್ಪನ್ನು ನೋಡಿದರೆ ಅವರ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ದೋಣಿಯಲ್ಲಿ ಯೇಸುಸ್ವಾಮಿ ಮಲಗಿದ್ದಾಗ ಶಿಷ್ಯರು ಸುಮ್ಮನೆ ಕೂಡಲಿಲ್ಲ. ನಾವು ಮುಳುಗುತ್ತಿದ್ದೇವೆ, ನಿಮಗೆ ಚಿಂತೆಯಿಲ್ಲವೇ ಎಂದು ಕೂಗಿ ಎಬ್ಬಿಸಿದರು. ಸ್ವಾಮಿ ಎದ್ದು ಮೊದಲು ಗಾಳಿಯನ್ನು ಗದರಿಸಿದರು, ಆಮೇಲೆ ಅವರ ಅಪನಂಬಿಕೆಯ ಮಾತು ಎತ್ತಿದರು. ಕೂಗುವುದೂ ಪ್ರಾರ್ಥನೆಯೇ. ಅರ್ಜಿ ಹಿಡಿದು ಹತ್ತು ಸಲ ಅಲೆದು ಬೇಸತ್ತಾಗ ಹನ್ನೊಂದನೆಯ ಸಲ ಹೋಗುವ ಬಲ ನಮಗೆ ಬಂದದ್ದು ಪ್ರಾರ್ಥನೆಯಿಂದಲೇ ಎಂಬುದನ್ನು ನಮ್ಮ ಅನುಭವದಿಂದ ಹೇಳುತ್ತೇವೆ.

ನಮ್ಮದೂ ಒಂದು ಪುರುಮೆಂತ್

ಗೋವೆಯ ಮನೆಗಳಲ್ಲಿ ಪುರುಮೆಂತ್ ಎಂಬ ಒಳ್ಳೆಯ ಪದ್ಧತಿಯಿದೆ. ಏಪ್ರಿಲ್ ಮೇ ತಿಂಗಳಲ್ಲಿಯೇ ಅಕ್ಕಿ, ಒಣಮೀನು, ಮೆಣಸಿನಕಾಯಿ, ಹುಣಸೆ, ಕಟ್ಟಿಗೆ ಎಲ್ಲವನ್ನೂ ಮಳೆಗಾಲಕ್ಕೆಂದು ತುಂಬಿಡುತ್ತಾರೆ. ಅದಕ್ಕೇ ಅವರು ಮಳೆಯನ್ನು ಹೆದರದೆ ಎದುರುಗೊಳ್ಳುತ್ತಾರೆ. ದಿನದ ಕೂಲಿ ದಿನಕ್ಕೇ ಸಾಲದ ನಮಗೆ ಒಬ್ಬೊಬ್ಬರೇ ಪುರುಮೆಂತ್ ಮಾಡುವುದು ಆಗದ ಮಾತು. ಕೂಡಿ ಮಾಡಿದರೆ ಆದೀತು. ಅದಕ್ಕಾಗಿ ಕೆಲವು ಸಲಹೆಗಳು:

ಒಂದು: ಪ್ರತಿಯೊಬ್ಬರೂ ಸಣ್ಣ ನೋಟುಬುಕ್ಕು ಇಟ್ಟು ಕೆಲಸದ ದಿನ, ಜಾಗ, ಗುತ್ತೇದಾರನ ಹೆಸರು, ಬಂದ ಹಣ, ಬರಬೇಕಾದ ಹಣ ಬರೆಯಿರಿ. ಓದು ಬಾರದವರು ಮಕ್ಕಳ ಕೈಯಿಂದ ಬರೆಸಿರಿ.

ಎರಡು: ಮಿರಗಕ್ಕಿಂತ ಮುಂಚೆಯೇ ಹಳೆಯ ಬಾಕಿ ಕೇಳಿರಿ. ಒಬ್ಬರೇ ಹೋಗಬೇಡಿರಿ, ಕೂಡಿ ಹೋಗಿರಿ.

ಮೂರು: ಕಟ್ಟಡ ಕೆಲಸದವರು ಕಲ್ಯಾಣ ಮಂಡಲಿಯಲ್ಲಿ ಹೆಸರು ನೋಂದಾಯಿಸಿರಿ. 1996ರ ಕಾಯದೆಯಿಂದ ಬಂದ ಈ ವ್ಯವಸ್ಥೆ, 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದ ಮೇಲೆ ಅವುಗಳೊಳಗೆ ಸೇರಿದೆ. 18ರಿಂದ 60 ವಯಸ್ಸಿನೊಳಗಿದ್ದು ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕೆಲಸ ಮಾಡಿರಬೇಕು. ಆ 90 ದಿನಕ್ಕೂ ನಿಮ್ಮ ನೋಟುಬುಕ್ಕು ನೆರವಾಗುತ್ತದೆ. ಕಟ್ಟಡದ ಖರ್ಚಿನ ಮೇಲೆ ವಸೂಲಿ ಮಾಡುವ ಸೆಸ್ಸಿನಿಂದ ಬರುವ ಹಣ ಅದು. ನಮ್ಮ ಬೆವರಿನ ಲೆಕ್ಕದಲ್ಲಿ ಕೂಡಿಟ್ಟದ್ದನ್ನು ಕೇಳಲು ನಾಚಿಕೆ ಬೇಡ.

ನಾಲ್ಕು: ಊರಿನ ಪಡಿತರ ಚೀಟಿ ಆಧಾರಕ್ಕೆ ಜೋಡಣೆಯಾಗಿದ್ದು ಆಹಾರ ಭದ್ರತಾ ಕಾಯದೆಯ ಚೀಟಿಯಾಗಿದ್ದರೆ, ಅದರ ಮೇಲೆ ಇಲ್ಲಿಯ ನ್ಯಾಯಬೆಲೆ ಅಂಗಡಿಯಲ್ಲಿ ಧಾನ್ಯ ಪಡೆಯಬಹುದು. 2020ರ ಜನವರಿಯಿಂದ ಕರ್ನಾಟಕ, ಗೋವೆ ಎರಡೂ ಈ ಯೋಜನೆಯಲ್ಲಿವೆ. ಇದನ್ನು ಅರಿಯದೆ ಎಷ್ಟೋ ಮನೆಗಳು ಉದ್ರಿಯಲ್ಲಿ ಮುಳುಗಿವೆ.

ಐದು: ಕಡಿದ ಗುಡ್ಡದ ಬುಡದಲ್ಲಿ, ಹಳ್ಳದ ಅಂಚಿನಲ್ಲಿ ಶೆಡ್ಡು ಹಾಕಬೇಡಿರಿ, ಹಾಕಿಸುವವರನ್ನು ಒಪ್ಪಬೇಡಿರಿ. ಬಂಡೆಯ ಮೇಲೆ ಮನೆ ಕಟ್ಟಿದವನ ಸಾಮತಿಯನ್ನು ಗೌಂಡಿಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆರು: ಜನವರಿಯಿಂದ ಮೇವರೆಗೆ, ಕೆಲಸ ಚೆನ್ನಾಗಿರುವ ಕಾಲದಲ್ಲಿ, ವಾರಕ್ಕೆ ಇಷ್ಟೆಂದು ಕೂಟದ ಡಬ್ಬಿಗೆ ಹಾಕೋಣ. ಮಳೆಗಾಲದಲ್ಲಿ ಒಲೆ ಹತ್ತದ ಮನೆಗೆ ಅದರಿಂದ ಅಕ್ಕಿ ಹೋಗಲಿ. ಲೆಕ್ಕವನ್ನು ಪ್ರತಿ ತಿಂಗಳು ಎಲ್ಲರೆದುರು ಓದಲಿ. ಕ್ರೈಸ್ತರಿಗೆ ಮಾತ್ರ ಎಂಬ ಕಟ್ಟು ಬೇಡ. ಮಾಲ್ಟಾದವರು ನಮ್ಮ ಜಾತಿ ಕೇಳಿ ಬೆಂಕಿ ಹಚ್ಚಲಿಲ್ಲ.

ಕೊನೆಯದಾಗಿ, ಆ ತಾಯಿಗೆ ಉತ್ತರ. ತಾಯಿ, ಮಳೆ ಆಶೀರ್ವಾದ ಹೌದು. ನಿನ್ನ ಒಲೆ ಹತ್ತದಿರುವುದು ಆಶೀರ್ವಾದವಲ್ಲ. ಅದನ್ನು ಆಶೀರ್ವಾದವೆಂದು ಕರೆಯಲು ಯೇಸುಸ್ವಾಮಿ ನಿನ್ನನ್ನು ಕೇಳುವುದಿಲ್ಲ. ನಾವೂ ಇನ್ನು ಕೇಳುವುದಿಲ್ಲ. ನಮ್ಮ ಹಿರಿಯರು ಮಳೆಯನ್ನೂ ಮಗನ ಊಟವನ್ನೂ ಒಂದೇ ಗಾದೆಯಲ್ಲಿ ಇಟ್ಟರು. ಮಳೆ ಬಂದು ಮಗ ಉಣ್ಣದಿದ್ದರೆ ಆ ಗಾದೆ ಅರ್ಧವಾಯಿತು. ಮೊದಲರ್ಧ ದೇವರು ಪ್ರತಿ ವರ್ಷ ಕೊಡುತ್ತಿದ್ದಾರೆ. ಎರಡನೆಯ ಅರ್ಧವನ್ನು ತುಂಬುವ ಕೆಲಸ ನಮ್ಮೆಲ್ಲರದು.

ಈ ವಾರ ಡಬ್ಬಿಗೆ ಮೊದಲ ಹಣ ಬಿದ್ದಿದೆ. ಎರಡು ಮನೆಗೆ ಅಕ್ಕಿ ಹೋಗಿದೆ. ಇದು ಸಾಲದು, ಆದರೂ ಆರಂಭವಾಗಿದೆ. ಮಳೆ ಇನ್ನೂ ಮೂರು ತಿಂಗಳಿದೆ. ಬಂಧುಗಳೇ, ಬನ್ನಿರಿ, ಕೈ ಜೋಡಿಸಿರಿ. ಪ್ರಭು ನಮ್ಮೂರ ಹೊಲಗಳಿಗೆ ಹದ ಮಳೆ ಕೊಡಲಿ, ಇಲ್ಲಿಯ ನಮ್ಮ ಮಾಡುಗಳನ್ನು ಕಾಯಲಿ, ಮಕ್ಕಳ ತಟ್ಟೆ ಬರಿದಾಗದಂತೆ ನಮ್ಮೆಲ್ಲರನ್ನು ಎಚ್ಚರವಾಗಿಡಲಿ.